ಟೆನಿಸ್ ವೈನಿ

ಬಾಗಲಕೋಟೆಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಮನೆಯಲ್ಲಿ ಸೊಸೆ, ಓಣಿಯಲ್ಲಿ ವಕೀಲರ ವೈನಿ, ಪುಣೆಯ ಪತ್ರಿಕೆಯಲ್ಲಿ ಗಂಡನ ಹೆಸರಿನ ಹಿಂದೆ ಒಂದು ‘ಮಿಸೆಸ್’. ಪುಣೆಯ ಹೆಂಗಸರ ಟೆನಿಸ್ ಪಂದ್ಯವನ್ನು ಮೂರು ಸಲ ಗೆದ್ದ ಹೆಣ್ಣುಮಗಳ ಹೆಸರು ಅವರಿಗೆ ಕೊಟ್ಟ ಬೆಳ್ಳಿಯ ಕಪ್‌ಗಳ ಮೇಲೂ ಇಲ್ಲ. ಅಲ್ಲಿಯೂ ಇರುವುದು ಗಂಡನ ಹೆಸರೇ. ನಾನೂ ಬರೆಯುವುದಿಲ್ಲ. ಬರೆಯಲಿಕ್ಕೆ ಹೊರಟಿರುವ ವಿಷಯ ಹಾಗಿದೆ. ನಮ್ಮ ಕಡೆ ಅಣ್ಣನ ಹೆಂಡತಿಗೆ ವೈನಿ ಅನ್ನುತ್ತಾರೆ. ನನಗೆ ಅಣ್ಣ ಇರಲಿಲ್ಲ, ಆದರೂ ಅವರು ನನಗೆ ವೈನಿಯೇ. ಅವರು ತೀರಿಕೊಂಡು ಇಂದಿಗೆ ಹದಿನೇಳು ದಿನವಾಯಿತು.

ನೋಡಲಿಕ್ಕೆ ಕುಳ್ಳಗೆ, ಗಟ್ಟಿ ಆಳು. ಸುಮ್ಮನೆ ದೇವಸ್ಥಾನಕ್ಕೆ ಹೊರಟರೂ ಯಾರೊಂದಿಗೋ ಜಗಳ ತೆಗೆಯಲು ಹೊರಟವರ ನಡಿಗೆ. ಆಟಕ್ಕೆ ಇಳಿಯುವ ಮೊದಲು ಬಲಗೈಯ ಹಸಿರು ಬಳೆಗಳ ಮೇಲೆ ಹಳೆಯ ಸೀರೆಯ ಅಂಚನ್ನು ಬಿಗಿಯಾಗಿ ಸುತ್ತಿಕೊಳ್ಳುತ್ತಿದ್ದರು. ಬಳೆ ಒಡೆದರೆ ಅತ್ತೆಯವರು ಮೂರು ದಿನ ಮಾತು ಬಿಡುತ್ತಿದ್ದರಂತೆ. ಆಟದ ನಡುವೆ ಸೆರಗಿನ ಗಂಟಿನಿಂದ ಹುರಿದ ಶೇಂಗಾ ತೆಗೆದು ಬಾಯಿಗೆ ಹಾಕಿಕೊಳ್ಳುವುದು ಇನ್ನೊಂದು ಚಟ. ಎದುರಿಗಿದ್ದವರು ಚೆಂಡು ಹೊಡೆಯಲು ಕೈ ಎತ್ತಿದರೂ ಇವರ ಬಾಯಿ ಆಡುತ್ತಲೇ ಇರುತ್ತಿತ್ತು. ಹೊಗಳುವುದರಲ್ಲಿ ಜಿಪುಣರಲ್ಲಿ ಜಿಪುಣರು. ಮೂವತ್ತು ವರ್ಷದಲ್ಲಿ ನನ್ನ ಆಟಕ್ಕೆ ಅವರಿಂದ ಎರಡು ಸಲ ‘ಬರೋಬ್ಬರಿ’ ಸಿಕ್ಕಿದೆ. ಎರಡೂ ನೆನಪಿವೆ.

ನಾನು ಹೆಣ್ಣುಮಕ್ಕಳ ಶಾಲೆಯ ಮಾಸ್ತರಣಿ. ಏಳನೆಯ ವಯಸ್ಸಿಗೆ ಮದುವೆ, ಒಂಬತ್ತಕ್ಕೆ ಆ ಗಂಡ ಇಲ್ಲ. ಅವನ ಮುಖ ನನಗೆ ನೆನಪಿಲ್ಲ. ತಂದೆ ಊರಿನ ಮಾತಿಗೆ ಕಿವಿಗೊಡದೆ ಪುಣೆಗೆ ಕಳಿಸಿ ಓದಿಸಿದರು. ಇಪ್ಪತ್ತೊಂದಕ್ಕೆ ಬಾಗಲಕೋಟೆಗೆ ಬಂದು ಕೆಲಸಕ್ಕೆ ಸೇರಿದೆ. ಒಂದು ದಿನ ಶಾಲೆಯ ಅಂಗಳಕ್ಕೆ ಕತ್ತೆ ನುಗ್ಗಿ ಮಕ್ಕಳ ಬುತ್ತಿಗೆ ಬಾಯಿ ಹಾಕಿತು. ನಾನು ಕಲ್ಲೆತ್ತಿ ಬೀಸಿದೆ. ಅಷ್ಟು ದೂರದಿಂದ ಸರಿಯಾಗಿ ಅದರ ಕಿವಿಗೆ ಬಿತ್ತು. ಹಾದಿಯಲ್ಲಿ ಹೊರಟಿದ್ದ ವೈನಿ ನಿಂತುಬಿಟ್ಟರು.

“ಅಕ್ಕೋರ, ಎಡಗೈಲೆ ಒಗದ್ರೇನು?”

“ಹೂಂರಿ. ನಾ ಎಡಚಿ.”

“ಛಲೋ ಆತು. ನಾಳೆ ಸಂಜಿಕ ನಮ್ಮ ಮನಿಗೆ ಬರ್ರಿ.”

ನನಗೆ ದಿಗಿಲಾಯಿತು. ನನ್ನಂಥವಳನ್ನು ಸಂಜೆಯ ಹೊತ್ತು ಯಾರೂ ಮನೆಗೆ ಕರೆಯುತ್ತಿರಲಿಲ್ಲ. ಅರಿಶಿನ-ಕುಂಕುಮಕ್ಕೆ ಮರೆತು ಕರೆದರೇನೋ, ಹೋಗಿ ಬಾಗಿಲಲ್ಲಿ ಅವಮಾನ ಆದರೆ ಹೇಗೆ ಎಂದು ರಾತ್ರಿಯಿಡೀ ಕಳವಳಪಟ್ಟೆ. ಹೋದರೆ, ಹಿತ್ತಲಿನ ಎರಡು ಗೂಟಗಳಿಗೆ ಘಟಪ್ರಭೆಯ ಮೀನುಗಾರರು ಹೆಣೆದುಕೊಟ್ಟ ಜಾಳಿಗಿ ಕಟ್ಟಿತ್ತು. ವೈನಿ ನನ್ನ ಕೈಗೆ ಒಂದು ಬ್ಯಾಟು ಕೊಟ್ಟರು. ಕಾಲೇಜಿನಲ್ಲಿ ಟೆನಿಸ್ ಕಲಿತಿದ್ದ ವಕೀಲರು ಜೊತೆಗೆ ಆಡಲು ಯಾರೂ ಸಿಗದೆ ಹೆಂಡತಿಗೆ ಕಲಿಸಿದ್ದರು. ವರ್ಷದೊಳಗೆ ಹೆಂಡತಿ ಗಂಡನನ್ನು ಸೋಲಿಸತೊಡಗಿದರು. ಅಂದಿನಿಂದ ವಕೀಲರಿಗೆ ಸಂಜೆ ಹೊತ್ತು ಕಕ್ಷಿದಾರರು ಜಾಸ್ತಿಯಾದರು. ಅದಕ್ಕೇ ನನ್ನ ಅಗತ್ಯ ಬಿದ್ದದ್ದು.

ಗೋಡೆಯಾಚೆ ಹತ್ತಿ ವ್ಯಾಪಾರದ ಮುಸಲ್ಮಾನರ ಮನೆ. ನಾವು ಗೋಡೆ ದಾಟಿಸಿದ ಚೆಂಡುಗಳನ್ನು ಆ ಮನೆಯ ಬೀಬಿ ಬುಟ್ಟಿಯಲ್ಲಿ ಕೂಡಿಸಿಟ್ಟು, ಶುಕ್ರವಾರಕ್ಕೊಮ್ಮೆ ತಾನೇ ತಂದುಕೊಡುತ್ತಿದ್ದಳು.

“ವೈನಿ, ನಿಮ್ಮ ಚಂಡು ಬಿದ್ದಾಗಿಂದ ನಮ್ಮ ಕೋಳಿ ತತ್ತಿ ಇಡವಲ್ತು ನೋಡ್ರಿ.”

“ಹಂಗಾರ ಚೆಂಡಿನ ಮ್ಯಾಲೆ ಕಾವು ಕೂಡಸ್ರಿ. ಮರಿ ಆದ್ರ ನಮಗೂ ಎರಡು ಕೊಡ್ರಿ,” ಅಂದರು ವೈನಿ. ಬೀಬಿ ನಕ್ಕು ನಕ್ಕು ಗೋಡೆಗೆ ಒರಗಿದಳು.

ವೈನಿಯ ಹಟ ಗೊತ್ತಾಗಬೇಕಾದರೆ ಇಳಕಲ್ಲಿನ ಪ್ರಸಂಗ ಹೇಳಬೇಕು. ಕಚ್ಚೆ ಹಾಕಿ ಉಟ್ಟ ಸೀರೆಯಲ್ಲಿ ಓಡಲಿಕ್ಕೆ ಅವರಿಗೆ ತೊಂದರೆ ಇರಲಿಲ್ಲ. ತೊಂದರೆ ಇದ್ದದ್ದು ರೇಷ್ಮೆ ಸೆರಗಿನದು. ಎಷ್ಟು ಬಿಗಿದು ಸಿಕ್ಕಿಸಿದರೂ ಜಾರುವುದು. ಗಾಡಿ ಕಟ್ಟಿಸಿಕೊಂಡು ಇಳಕಲ್ಲಿಗೆ ಹೋದೆವು. ಅಲ್ಲಿ ಒಬ್ಬ ಮುದಿ ನೇಕಾರನ ಮುಂದೆ ಕೂತು, ನನಗೆ ಸೆರಗಿಲ್ಲದ ಸೀರೆ ನೇಯ್ದು ಕೊಡು ಎಂದರು ವೈನಿ. ಮುದುಕ ಮಗ್ಗ ನಿಲ್ಲಿಸಿದ.

“ಸೆರಗಿಲ್ದ ಸೀರಿ ಅಂದ್ರ ಏನ್ರೀ ಬಾಯಾರ? ಅದು ಹಚ್ಚಡ ಆಕ್ಕೈತಿ. ಹಚ್ಚಡ ಬೇಕಾರ ಸಂತ್ಯಾಗ ತಗೋರಿ.”

ವೈನಿ ಎದ್ದು ನಿಂತರು. ಕೈಯಲ್ಲಿದ್ದ ಬೀಸಣಿಗೆಯನ್ನೇ ಬ್ಯಾಟು ಮಾಡಿಕೊಂಡು, ಆ ಇಕ್ಕಟ್ಟಿನ ಮನೆಯಲ್ಲಿ ಮುಂದೆ ಬಾಗಿ ಒಂದು ಹೊಡೆತ ಹೊಡೆದು ತೋರಿಸಿದರು. ಸೆರಗು ಜಾರಿ ಮಗ್ಗದ ಗೂಟಕ್ಕೆ ಸಿಕ್ಕಿಕೊಂಡಿತು. ಮುದುಕನ ಸೊಸೆಯರು ಒಳಗೆ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದರು. ಮುದುಕ ನಗಲಿಲ್ಲ. ಎದ್ದು ಸೆರಗು ಬಿಡಿಸಿ, ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿ, “ರೇಶಿಮಿ ಬ್ಯಾಡ್ರಿ. ಸೆರಗು ನೂಲಿಂದ ಮಾಡ್ತೇನಿ. ಚಿತ್ತಾರ ಮಾತ್ರ ಬಿಡಂಗಿಲ್ಲ,” ಅಂದ. ಆ ಸೀರೆ ಉಟ್ಟೇ ಅವರು ಪುಣೆಯಲ್ಲಿ ಆಡಿದ್ದು. ಮುಂದೆ ಯಾರೋ ಅವನಿಗೆ ಸುದ್ದಿ ಮುಟ್ಟಿಸಿದಾಗ, “ನಮ್ಮ ಸೀರಿ ಗೆದ್ದೈತಂತ ಹೌದೇನು?” ಎಂದು ಕೇಳಿದನಂತೆ. ವೈನಿ ಈ ಮಾತನ್ನು ಎಲ್ಲ ಕಪ್‌ಗಳಿಗಿಂತ ಮೇಲೆ ಇಟ್ಟಿದ್ದರು.

ಮನೆಯ ಯಜಮಾನಿಕೆ ಮಾವನವರದು. ಶಿರಸ್ತೇದಾರರಾಗಿ ನಿವೃತ್ತರಾದವರು. ಕೆಟ್ಟವರಲ್ಲ. ಹಿತ್ತಲಿನೊಳಗೆ ಏನು ಆಡಿದರೂ ಅವರದೇನೂ ತಕರಾರಿಲ್ಲ. ಹುನಗುಂದದ ಮಾಮಲೇದಾರರ ಮನೆಯವರು ಕರೆದಾಗಲೂ ಕಳಿಸಿದ್ದರು. ಅಲ್ಲಿಯ ಕಚೇರಿಯ ಅಂಗಳದ ಒಂದು ಮೂಲೆಯಲ್ಲಿ ಬೇವಿನ ಮರ ಗೆರೆಯ ಒಳಗೇ ನಿಂತಿತ್ತು. ಮರಕ್ಕೆ ತಾಗಿದ ಚೆಂಡು ಯಾರಿಗೆ ಸೇರಬೇಕೆಂದು ನಾಲ್ಕು ಜನ ಹೆಂಗಸರು ಅರ್ಧ ತಾಸು ವಾದಿಸಿದೆವು. ವೈನಿ ಶೇಂಗಾ ತಿನ್ನುತ್ತಾ, “ಮರದ್ದು,” ಅಂದು ವಾದ ಮುಗಿಸಿದರು. ಅಲ್ಲಿಯವರೆಗೆ ಎಲ್ಲ ಹಗುರಾಗಿಯೇ ಇತ್ತು.

ಆ ಚಳಿಗಾಲ ಕಲೆಕ್ಟರ್ ಸಾಹೇಬರ ಮುಕ್ಕಾಮು ಬಾದಾಮಿಗೆ ಬಂತು. ಅವರ ಮೇಮ್‌ಸಾಹೇಬರಿಗೆ ಟೆನಿಸ್ ಹುಚ್ಚು. ಈ ಭಾಗದಲ್ಲಿ ಆಡುವ ಹೆಂಗಸರನ್ನೆಲ್ಲ ಕರೆದು ಒಂದು ಪಂದ್ಯ ಮಾಡುವುದು, ಗೆದ್ದವರನ್ನು ತಾವೇ ಪುಣೆಗೆ ಕರೆದೊಯ್ದು ಅಲ್ಲಿಯ ಪಂದ್ಯಕ್ಕೆ ಇಳಿಸುವುದು ಎಂದು ಗೊತ್ತುಮಾಡಿದರು. ಪುಣೆ ಎಂದ ಕೂಡಲೇ ಮಾವನವರ ಮುಖ ಬಿಗಿಯಿತು. ಹೊರಡುವ ಹಿಂದಿನ ಸಂಜೆ ನಾನೂ ಪಡಸಾಲೆಯಲ್ಲಿದ್ದೆ. ಅಡಕೊತ್ತು ಕೆಳಗಿಟ್ಟು ಅವರು ಹೇಳಿದ ಮಾತು ಇದು:

“ಬಾದಾಮಿಯೊಳಗ ಗೆದ್ರ ಪುಣೆಕ್ಕ ಹೋಗು, ನಾ ಬ್ಯಾಡ ಅನ್ನೂದಿಲ್ಲ. ಸೋತ್ರ ಇದು ಅಲ್ಲಿಗೇ ಮುಗೀತು. ಆಮ್ಯಾಲೆ ಆ ಜಾಳಿಗಿ ನಮ್ಮ ಹಿತ್ತಲದಾಗ ಕಟ್ಟೂ ಹಂಗಿಲ್ಲ.”

“ಆಗ್ಲಿರಿ,” ಅಂದರು ವೈನಿ. ವಕೀಲರು ಗೋಡೆ ನೋಡುತ್ತಿದ್ದರು. ಬಾಗಿಲವರೆಗೆ ನನ್ನನ್ನು ಕಳಿಸಲು ಬಂದ ವೈನಿ ಸೆರಗಿನ ಗಂಟು ಬಿಚ್ಚಿ, ಶೇಂಗಾ ತಿನ್ನದೆ ಮತ್ತೆ ಕಟ್ಟಿಕೊಂಡರು. ಹಾಗೆ ಮಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ನನಗೂ ಪುಣೆ ಬೇಕಿತ್ತು. ಇದನ್ನು ಇಲ್ಲಿ ಮುಚ್ಚಿಟ್ಟರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ. ಆ ಊರಿನಲ್ಲಿ ಓದುತ್ತಿದ್ದಾಗ ನಾನು ಬರೀ ಒಬ್ಬ ಹುಡುಗಿಯಾಗಿದ್ದೆ, ವಿಧವೆಯಾಗಿರಲಿಲ್ಲ. ಒಂದು ವಾರಕ್ಕಾದರೂ ಮತ್ತೆ ಹಾಗಿರಬೇಕು ಅನ್ನಿಸುತ್ತಿತ್ತು. ಬಾದಾಮಿಗೆ ಹೋಗುವ ರೈಲಿನಲ್ಲಿ ನಾವಿಬ್ಬರೂ ಎದುರು-ಬದುರು ಕೂತು ನಮ್ಮ ನಮ್ಮ ಬ್ಯಾಟಿನ ತಂತಿ ಎಳೆದು ನೋಡುತ್ತಿದ್ದೆವು.

ಆಟದ ನೆಲ ಹಿಂದಿನ ದಿನ ಬಡಿದು ಮಟ್ಟ ಮಾಡಿದ ಮೊರಂ ಮಣ್ಣು. ಧೂಳೇಳದಂತೆ ಸೆಗಣಿ ಸಾರಿಸಲು ಚೊಳಚಗುಡ್ಡದಿಂದ ಒಬ್ಬ ಮುದುಕಿಯನ್ನು ಕರೆಸಿದ್ದರು. ಮದುವೆ ಅಂಗಳಗಳನ್ನು ಸಾರಿಸುವುದರಲ್ಲಿ ಆಕೆಯ ಕೈ ಹೆಸರಾಗಿತ್ತು. ಬೆಳಿಗ್ಗೆ ನಾವು ಹೋಗಿ ನೋಡಿದರೆ ನೆಲ ಕನ್ನಡಿಯ ಹಾಗಿದೆ, ಸುಣ್ಣದ ಗೆರೆ ನೆಟ್ಟಗಿದೆ, ಆ ಗೆರೆಯ ಹೊರಗೆ ಒಂದು ಗೇಣಿನೊಳಗೆ ಸುತ್ತಲೂ ಇನ್ನೊಂದು ಬಿಳಿ ಎಳೆ! ನಾಲ್ಕು ಮೂಲೆಗೆ ನಾಲ್ಕು ಕಮಲ. ಮುದುಕಿ ರಂಗೋಲಿ ಹಾಕಿಬಿಟ್ಟಿದ್ದಳು. ಪಂದ್ಯದ ತೀರ್ಪು ಹೇಳುವ ಪಂಚರಾಗಿ ಕೂಡಬೇಕಿದ್ದ ಬಾದಾಮಿಯ ಮಾಮಲೇದಾರರು ಸಿಟ್ಟಿಗೆದ್ದು, ಅಳಿಸು ಅಂದರು.

“ಅಳಸಾಂಗಿಲ್ರೀ ಸಾಹೇಬ್ರ,” ಅಂದಳು ಮುದುಕಿ. “ಸಾರಿಸಿದ ನೆಲಕ್ಕ ಎಳಿ ಎಳೀದ ಬಿಟ್ರ ತಿಥಿ ಮನಿ ಅಂಗಳ ಆಕ್ಕೈತಿ. ಹೆಣ್ಮಕ್ಕಳು ಆಡೂ ಜಾಗಾ ಐತಿ. ಬೋಳು ಬಿಡಾಕ ನನ್ನ ಕೈಲೆ ಆಗಂಗಿಲ್ಲ.”

ನೆರೆದಿದ್ದ ಹೆಂಗಸರೆಲ್ಲ ಹೌದೌದು ಎಂದರು. ಮೇಮ್‌ಸಾಹೇಬರು ಕಮಲ ನೋಡಿ ಬಹಳ ಚೆಂದ ಅಂದರು. ಒಳಗಿನ ಗೆರೆಯೇ ಗೆರೆ, ಹೊರಗಿನದು ಲೆಕ್ಕಕ್ಕಿಲ್ಲ ಎಂದು ಮಾಮಲೇದಾರರು ಎಲ್ಲರಿಗೂ ಕೇಳುವಂತೆ ಸಾರಿದರು. ಬೋಳು ಎಂಬ ಮಾತು ಬಂದಾಗ ಮುದುಕಿ ಒಮ್ಮೆ ನನ್ನ ಹಣೆಯ ಕಡೆ ನೋಡಿ ತಲೆ ತಗ್ಗಿಸಿದಳು. ಆಕೆಯ ಮೇಲೆ ನನಗೆ ಸಿಟ್ಟು ಬರಲಿಲ್ಲ.

ನನ್ನ ಎಡಗೈ ಆಟ ಮೇಮ್‌ಸಾಹೇಬರಿಗೆ ಬಗೆಹರಿಯಲಿಲ್ಲ. ಅವರು ಸೋತರು, ನಗುತ್ತಲೇ ಕೈಕುಲುಕಿದರು. ಇನ್ನೊಂದು ಕಡೆಯಿಂದ ವೈನಿ ಎಲ್ಲರನ್ನೂ ಗೆದ್ದು ಬಂದರು. ಕೊನೆಗೆ ಉಳಿದದ್ದು ಒಂದೇ ಹಿತ್ತಲಿನ ನಾವಿಬ್ಬರು. ಮೊದಲ ಸೆಟ್ ಅವರದು, ಎರಡನೆಯದು ನನ್ನದು. ಅಷ್ಟೊತ್ತಿಗೆ ಎಲ್ಲರ ಕಾಲು ಬಿದ್ದು ಸುಣ್ಣದ ಗೆರೆಯೂ ರಂಗೋಲಿಯ ಎಳೆಯೂ ಅಲ್ಲಲ್ಲಿ ಕದಡಿ ಒಂದೇ ಥರ ಕಾಣುತ್ತಿದ್ದವು. ಮೂರನೆಯ ಸೆಟ್ಟಿನಲ್ಲಿ ಅವರು ಒಂದು ಹೆಜ್ಜೆ ಮುಂದೆ. ಇನ್ನೊಂದು ಪಾಯಿಂಟ್ ಅವರಿಗೆ ಬಿದ್ದರೆ ಪಂದ್ಯ ಮುಗಿಯಿತು. ನನಗೆ ಬಿದ್ದರೆ ಸಮ, ಮತ್ತೆ ಹೋರಾಟ. ನಾನು ದಣಿದಿರಲಿಲ್ಲ. ಅವರು ಏದುತ್ತಿದ್ದರು. ಗೆಲ್ಲುತ್ತೇನೆ ಎಂದು ನನಗೆ ಆ ಗಳಿಗೆಯಲ್ಲಿ ಪೂರ್ತಿ ನಂಬಿಕೆಯಿತ್ತು.

ವೈನಿ ಉದ್ದಕ್ಕೆ ಹೊಡೆದರು. ಚೆಂಡು ನನ್ನ ಬಲಗಾಲಿನ ಹಿಂದೆ, ಹೊರಗಿನ ಎಳೆಯ ಮೇಲೆ ಬಿತ್ತು. ಬಿಳಿ ಪುಡಿ ಹಾರಿತು. ಬಿಳಿ ಹಾರಿದ್ದನ್ನು ಕಂಡ ಮಾಮಲೇದಾರರು ಸ್ಟೂಲಿನಿಂದ ಎದ್ದು, “ಗೆರೆ ಮ್ಯಾಲೆ! ವಕೀಲರ ಮನಿಯವರು ಗೆದ್ರು!” ಎಂದು ಕೂಗಿದರು. ಜನ ಚಪ್ಪಾಳೆ ಹೊಡೆದರು.

ನಾನು ಬಾಯಿ ತೆರೆದೆ. ಜಾಳಿಗಿಯಾಚೆ ವೈನಿ ಬ್ಯಾಟು ಇಳಿಸಿ ನಿಂತಿದ್ದರು. ನಗಲಿಲ್ಲ, ಕುಣಿಯಲಿಲ್ಲ, ನನ್ನನ್ನೇ ನೋಡುತ್ತಿದ್ದರು. ಆ ನೋಟದಲ್ಲಿ ನನಗೆ ಪಡಸಾಲೆಯ ಅಡಕೊತ್ತು, ಗೋಡೆ ನೋಡುತ್ತಿದ್ದ ವಕೀಲರು ಎಲ್ಲ ಕಂಡರು. ನಾನು ಸೋತರೆ ಯಾರೂ ನನ್ನ ಬ್ಯಾಟು ಕಸಿಯುವವರಿಲ್ಲ. ಅವರು ಸೋತರೆ ಅವರ ಆಟ ಇವತ್ತಿಗೆ ಮುಗಿಯಿತು. ಬಾಯಿ ಮುಚ್ಚಿಕೊಂಡೆ. ಮುಂದೆ ಹೋಗಿ ಜಾಳಿಗಿಯ ಮೇಲಿಂದ ಕೈ ಚಾಚಿದೆ. ಅವರ ಕೈ ತಣ್ಣಗಿತ್ತು.

ಆಮೇಲಿನದು ಊರಿಗೆಲ್ಲ ಗೊತ್ತಿರುವ ಕಥೆ. ಮೊದಲ ವರ್ಷ ಪುಣೆಯಲ್ಲಿ ಸೋತು ಬಂದರು. ಎರಡನೆಯ ವರ್ಷ ಗೆದ್ದರು, ಮೂರನೆಯ ವರ್ಷ ಗೆದ್ದರು, ನಾಲ್ಕನೆಯ ವರ್ಷವೂ ಗೆದ್ದರು. ಬೂಟು ಹಾಕಿ ಗೌನು ತೊಟ್ಟವರನ್ನು ಕಚ್ಚೆ ಸೀರೆಯ ಹೆಂಗಸು ಬರಿಗಾಲಲ್ಲಿ ಓಡಾಡಿ ಸೋಲಿಸಿದ್ದನ್ನು ಪುಣೆಯ ಪತ್ರಿಕೆ ಬರೆದಾಗ, ಮಾವನವರು ಆ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಬಾಜಾರಕ್ಕೆಲ್ಲ ತಿರುಗಿದರು. ಪ್ರತಿ ಸಲ ಊರಿಗೆ ಬಂದ ದಿನವೇ ವೈನಿ ನನ್ನ ಕೋಣೆಗೆ ಬಂದು ಪ್ರತಿಯೊಂದು ಪಾಯಿಂಟನ್ನೂ ಹೇಳುವರು. ಕೊನೆಗೆ ಒಂದು ಮಾತು ತಪ್ಪದೆ ಇರುತ್ತಿತ್ತು: “ಈ ಸಲದ ಕಡೀ ಚೆಂಡು ಒಳಗ ಬಿದ್ದಿತ್ತು. ಎಲ್ಲಾರೂ ನೋಡ್ಯಾರ.” ಇದೆಂಥ ಜಂಭ ಎಂದು ನಾನು ಒಳಗೊಳಗೆ ನಗುತ್ತಿದ್ದೆ.

ಯುದ್ಧ ಬಂದು ಪಂದ್ಯಗಳು ನಿಂತವು. ಅದು ಮುಗಿಯುವ ಹೊತ್ತಿಗೆ ಅವರ ಮಂಡಿ ನಿಂತಿತು. ಆಗ ನಮ್ಮ ಶಾಲೆಯ ಅಂಗಳದಲ್ಲಿ ಜಾಳಿಗಿ ಕಟ್ಟಿಸಿ ಹುಡುಗಿಯರಿಗೆ ಕಲಿಸತೊಡಗಿದರು. ತಪ್ಪು ಹೊಡೆತಕ್ಕೆ ಎಂದೂ ಬೈಯುತ್ತಿರಲಿಲ್ಲ. ಚೆಂಡು ಎಲ್ಲಿ ಬಿತ್ತೆಂದು ಕಂಡೂ ಸುಮ್ಮನಿದ್ದ ಹುಡುಗಿಯನ್ನು ಮಾತ್ರ ಆ ದಿನ ಆಟಕ್ಕೆ ಸೇರಿಸುತ್ತಿರಲಿಲ್ಲ. ಒಂದು ಪುಟ್ಟ ಹುಡುಗಿ ಗೆಳತಿಗೆ ಅಳು ಬಂದಿದೆಯೆಂದು ಸುಮ್ಮನಾದಾಗ, ವೈನಿ ಆಕೆಯ ಭುಜ ಹಿಡಿದು ಅಲುಗಿಸಿದ್ದನ್ನು ನೋಡಿ ನನಗೇ ಭಯವಾಯಿತು. ಇಷ್ಟು ಸಣ್ಣದಕ್ಕೆ ಇಷ್ಟು ಸಿಟ್ಟೇಕೆ ಎಂದು ನಾನೇ ಅವರಿಗೆ ಬುದ್ಧಿ ಹೇಳಿದೆ. ನನ್ನ ಮುಖ ನೋಡಿ ಬ್ಯಾಟು ನನ್ನ ಕೈಗಿಟ್ಟು ಮನೆಗೆ ಹೋದರು.

ಕಳೆದ ಆಷಾಢದಲ್ಲಿ ಹಾಸಿಗೆ ಹಿಡಿದರು. ಮಾವನವರೂ ವಕೀಲರೂ ಹೋಗಿ ಎಷ್ಟೋ ವರ್ಷಗಳಾಗಿದ್ದವು. ನಾನು ದಿನಾ ಮಧ್ಯಾಹ್ನ ಹೋಗಿ ಕೂಡುತ್ತಿದ್ದೆ. ಇನ್ನು ಹೆಚ್ಚು ದಿನ ಇಲ್ಲವೆಂದು ಡಾಕ್ಟರು ಹೇಳಿದ ಮರುದಿನ ನನ್ನಿಂದ ತಡೆಯಲಾಗಲಿಲ್ಲ. ಯಾಕೆ ತಡೆಯಲಾಗಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ನನಗೆ ಅವರಿಂದ ಒಂದು ಮಾತು ಬೇಕಿತ್ತು. ಆ ಬಾಳನ್ನು ಅವರಿಗೆ ಕೊಟ್ಟವಳು ನಾನು ಎಂದು ಮೂವತ್ತು ವರ್ಷ ಒಳಗೇ ಬೀಗಿದ್ದೆ. ಅವರು ಅದನ್ನು ತಿಳಿಯದೆ ಹೋಗಿಬಿಡುತ್ತಾರೆ ಎಂಬುದನ್ನು ನನಗೆ ಸಹಿಸಲಾಗಲಿಲ್ಲ.

“ವೈನಿ, ಬಾದಾಮಿಯೊಳಗ ಆ ಕಡೀ ಚೆಂಡು ರಂಗೋಲಿ ಮ್ಯಾಲೆ ಬಿದ್ದಿತ್ತು. ನಾ ನೋಡಿದ್ದೆ. ನಿಮ್ಮ ಸಲುವಾಗಿ ಸುಮ್ನಿದ್ದೆ.”

ಅವರು ಜಂತಿಯಿಂದ ಕಣ್ಣು ತೆಗೆದು ನನ್ನ ಕಡೆ ಹೊರಳಿದರು.

“ಅಂದ್ರ ಇಷ್ಟು ವರ್ಷ ನನ್ನ ಮ್ಯಾಲೆ ಕರುಣಾ ಮಾಡೀನಿ ಅಂತ ತಿಳಕೊಂಡು ಕೂತಿದ್ದೇನು ನೀನು?”

ನಾನು ಅವರ ಹೊದಿಕೆಯ ಅಂಚು ಸರಿಮಾಡತೊಡಗಿದೆ.

“ನಾನೂ ನೋಡಿದ್ದೆ,” ಅಂದರು. “ಆ ಕಡಿಂದನೇ ಕಂಡಿತ್ತು. ನೀ ಬಾಯಿ ತೆರದಿ. ಹೇಳ್ತಾಳ, ಈಗ ಹೇಳ್ತಾಳ ಅಂತ ಕಾದೆ. ನೀ ಹೇಳಿದ್ರ ನಾ ಹೌದು ಅಂತಿದ್ದೆ. ನೀ ಬಾಯಿ ಮುಚ್ಚಿದಿ. ಆವಾಗ ನಾನಾರ ಹೇಳಬೇಕಿತ್ತು. ಮಾವನೋರ ಮಾತು ನೆನಪಾತು, ನಾನೂ ಸುಮ್ನಾದೆ. ನೀ ಕೊಟ್ಟೆ ಅಂತಿ. ನನ್ನ ಲೆಕ್ಕದಾಗ ನಾ ಕದ್ದೆ.”

“ಆದ್ರ ಪುಣೆದೊಳಗ ನೀವೇ ಗೆದ್ರಲ್ಲ, ವೈನಿ.”

“ಗೆದ್ದೆ. ಅವೆಲ್ಲಾ ನನ್ನವು. ಅದೊಂದು ಮಾತ್ರ ನಂದಲ್ಲ. ಅದು ಇಲ್ದಿದ್ರ ಉಳದಾವು ಯಾವೂ ಇರ್ತಿರಲಿಲ್ಲ. ಪ್ರತಿ ವರ್ಷ ಪುಣೆ ರೈಲು ಹತ್ತಿದಾಗ, ಈ ಜಾಗಾದಾಗ ಆಕಿ ಕೂಡಬೇಕಿತ್ತು ಅಂತ ಅನಸ್ತಿತ್ತು. ಆಕಿಗೂ ಪುಣೆ ಬೇಕಿತ್ತು ಅನ್ನೂದು ನನಗ ಗೊತ್ತಿರಲಿಲ್ಲಂತ ಮಾಡೀಯೇನು?”

ನಾನು ಅತ್ತೆ. ನಾಚಿಕೆಗೆ ಅತ್ತೆನೋ, ಪುಣೆಗೋಸ್ಕರ ಅತ್ತೆನೋ, ನನಗೆ ಗೊತ್ತಾಗಲಿಲ್ಲ. ಅವರು ಅಳಲಿಕ್ಕೆ ಬಿಟ್ಟರು. ಆಮೇಲೆ ಹುಡುಗಿಯರಿಗೆ ಕೇಳುವ ದನಿಯಲ್ಲಿ ಕೇಳಿದರು:

“ಈಗ ಹೇಳು. ಚೆಂಡು ಎಲ್ಲಿ ಬಿತ್ತು?”

“ಹೊರಗ, ವೈನಿ.”

“ಎಷ್ಟು ಹೊರಗ?”

“ನಾಕು ಬೆರಳು.”

“ಆರು,” ಅಂದರು. “ನಾ ಹೋದ ಮ್ಯಾಲೆ ಎಲ್ಲಾರ ಮುಂದ ಹೇಳು. ನನಗ ಆಗಲಿಲ್ಲ.”

ಹನ್ನೊಂದನೆಯ ದಿನ ಊರಿನವರು ಶೋಕಸಭೆ ಕರೆದರು. ಮೂರು ಕಪ್‌ಗಳನ್ನು ಮೇಜಿನ ಮೇಲೆ ಸಾಲಾಗಿಟ್ಟಿದ್ದರು. ಮಾತಾಡಿದವರೆಲ್ಲ ಬಾದಾಮಿಯಿಂದಲೇ ಶುರುಮಾಡಿದರು, ಗೆರೆಯ ಮೇಲೆ ಬಿದ್ದ ಆ ಚೆಂಡಿನಿಂದಲೇ. ನನ್ನ ಸರದಿ ಬಂದಾಗ ಎದ್ದೆ. ಮುಂದಿನ ಸಾಲಿನಲ್ಲಿ ಅವರ ಇಬ್ಬರು ಹೆಣ್ಣುಮಕ್ಕಳು ಕಣ್ಣೊರೆಸಿಕೊಂಡು ನನ್ನ ಮುಖ ನೋಡಿದರು. ನಾನು ಶೇಂಗಾದ ಮಾತು ಹೇಳಿದೆ, ಬೀಬಿಯ ಕೋಳಿಯ ಮಾತು ಹೇಳಿದೆ, ಎಲ್ಲರನ್ನೂ ನಗಿಸಿ ಕೂತೆ.

ಎರಡನೆಯ ಸಲವೂ ನಾನು ಬಾಯಿ ತೆರೆದು ಮುಚ್ಚಿದವಳೇ. ಅದಕ್ಕೇ ಆರು ದಿನ ಕಾದು ಇದನ್ನು ಬರೆಯುತ್ತಿದ್ದೇನೆ. ಅಚ್ಚಾದ ಮೇಲೆ ಹಿಂದಕ್ಕೆ ತೆಗೆದುಕೊಳ್ಳಲು ಬರುವುದಿಲ್ಲ. ವೈನಿ, ಚೆಂಡು ಹೊರಗೆ ಬಿದ್ದಿತ್ತು. ಆರು ಬೆರಳು.